ಊಟ ಮುಗಿದ ಮೇಲೆ ಎಲೆ ಎತ್ತುವವರು ಯಾರು?

ಕಾಸರಗೋಡಿನಲ್ಲಿ ಈಗ ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮ ಇದ್ದರೆ ಮೂರು ದಿನ ಮೊದಲೇ ಪಂಚಾಯತಿಗೆ ತಿಳಿಸಬೇಕು. ಕಸ ಸಾಗಿಸುವುದಕ್ಕೆ ಶುಲ್ಕವನ್ನೂ ಕಟ್ಟಬೇಕು. 2024ರಲ್ಲಿ ಕೇರಳ ತಂದ ಕಾನೂನು ಇದು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಿರಿಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಾಲ್ಕು ಜನಕ್ಕೆ ಊಟ ಹಾಕುವುದಕ್ಕೂ ಸರಕಾರಕ್ಕೆ ಹೇಳಬೇಕಾ ಎಂದು ಗೊಣಗುತ್ತಾರೆ. ನಮ್ಮ ಕಾಲದಲ್ಲಿ ಕಸ ಅಂತ ಒಂದು ಇರಲೇ ಇಲ್ಲ ಅನ್ನುತ್ತಾರೆ.

ಈ ಮಾತು ಅರ್ಧ ನಿಜ. ಬಾಳೆ ಎಲೆ ತೋಟದ್ದೇ. ಹಿಂದಿನ ರಾತ್ರಿ ನೆರೆಕರೆಯವರು ಬಂದು ತರಕಾರಿ ಹೆಚ್ಚುತ್ತಿದ್ದರು. ಉಂಡ ಎಲೆ ದನಕ್ಕೋ ತೆಂಗಿನ ಬುಡಕ್ಕೋ ಹೋಗುತ್ತಿತ್ತು. ಅಡಿಕೆ ಹಾಳೆಯಂತೂ ಸಾಯುವ ತನಕ ದುಡಿಯುತ್ತಿತ್ತು. ಕೆಲಸಕ್ಕೆ ಹೋಗುವವರ ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ, ಮಗುವನ್ನು ಮೀಯಿಸಲು ಹಾಸು, ಮಕ್ಕಳಿಗೆ ಎಳೆದಾಡುವ ಗಾಡಿ. ಎಲ್ಲ ಮುಗಿದ ಮೇಲೆ ತೋಟದಲ್ಲೇ ಕೊಳೆತು ಗೊಬ್ಬರ.

ಇನ್ನರ್ಧ ನಿಜವನ್ನು ಯಾರೂ ಹೇಳುವುದಿಲ್ಲ. ಆ ಎಲೆಗಳನ್ನು ಎತ್ತುತ್ತಿದ್ದವರು ಯಾರು? ಮನೆಯ ಹೆಂಗಸರು, ಇಲ್ಲವೇ ತೋಟದ ಕೆಲಸದವರು. ಎಂಜಲು ಬಳಿಯುವ ಕೆಲಸಕ್ಕೆ ಸಂಬಳ ಇರಲಿಲ್ಲ. ಕೆಲಸದವರಿಗೆ ಊಟ ಕೊನೆಯಲ್ಲಿ, ಅದೂ ಅಂಗಳದ ಆಚೆ. ಹಳೆಯ ಸರಳ ಬದುಕು ಎಂದು ನಾವು ಹೊಗಳುವುದರ ಒಳಗೆ ಈ ಬಿಟ್ಟಿ ದುಡಿಮೆಯೂ ಇತ್ತು. ಅದನ್ನು ಬಿಟ್ಟು ಬರೀ ಬಾಳೆ ಎಲೆಯನ್ನು ನೆನೆದು ಉಸಿರು ಬಿಟ್ಟರೆ ಹೇಗೆ?

1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಗಟ್ಟಿಯಾಗಿ ಜಾರಿಗೆ ಬಂತು. ಗೇಣಿ ಪದ್ಧತಿ ಹೋಯಿತು. ಬೀಡಿ ಕೆಲಸ ಇತ್ತು, ಆಮೇಲೆ ಗಲ್ಫ್ ದಾರಿ ತೆರೆಯಿತು, ಹೆಣ್ಣುಮಕ್ಕಳು ಶಾಲೆ ಕಲಿತು ಉದ್ಯೋಗಕ್ಕೆ ಹೊರಟರು. ಕರೆದಾಗ ಓಡಿ ಬಂದು ಎಂಜಲು ಎತ್ತುವ ಕೈಗಳು ಸಿಗದಾದವು. ಒಳ್ಳೆಯದೇ ಆಯಿತು. ಆದರೆ ಉಂಡವರು ತಮ್ಮ ಎಲೆ ತಾವೇ ಎತ್ತಲು ಕಲಿಯಲಿಲ್ಲ. ಖಾಲಿಯಾದ ಆ ಜಾಗಕ್ಕೆ ನಿಧಾನಕ್ಕೆ ಪ್ಲಾಸ್ಟಿಕ್ ಬಂದು ಕೂತಿತು.

ಊಟ ಅಂಗಳದ ಚಪ್ಪರದಿಂದ ಹಾಲ್‌ಗೆ ಹೋಯಿತು. ಮೇಜಿನ ಮೇಲೆ ಕಾಗದದ ರೋಲ್, ಪ್ರತಿ ಎಲೆಯ ಪಕ್ಕ ಪುಟ್ಟ ನೀರಿನ ಬಾಟಲಿ, ಪಾಯಸಕ್ಕೆ ಲೋಟ, ಕೊನೆಗೆ ಐಸ್‌ಕ್ರೀಮ್ ಕಪ್ಪು. ಸಂಜೆಯಾಗುತ್ತಲೇ ಹಿಂದಿನ ಗುಡ್ಡೆಯಲ್ಲಿ ಎಲ್ಲಕ್ಕೂ ಬೆಂಕಿ.

ಕೇರಳದಲ್ಲಿ ಕಸ ಸುರಿಯಲು ಖಾಲಿ ಜಾಗವೇ ಕಡಿಮೆ. ತಿರುವನಂತಪುರದ ಕಸ ಹೊತ್ತಿದ್ದ ವಿಳಪ್ಪಿಲ್‌ಶಾಲೆಯ ಘಟಕವನ್ನು ಅಲ್ಲಿನ ಜನರೇ 2011ರಲ್ಲಿ ಮುಚ್ಚಿಸಿದರು. ಕಸವನ್ನು ಹುಟ್ಟಿದಲ್ಲೇ ನಿಭಾಯಿಸುವ ವಿಚಾರಕ್ಕೆ ಆಮೇಲೆ ಜೋರು ಬಂತು. 2015ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಎಸೆಯುವ ತಟ್ಟೆ ಲೋಟ ಬೇಡ ಎಂದು ಹಸಿರು ನಿಯಮಾವಳಿ ಮಾಡಿದರು. 2016ರ ಡಿಸೆಂಬರಿನಲ್ಲಿ ಕಸ, ನೀರು, ಕೃಷಿ ಮೂರನ್ನೂ ನೋಡಿಕೊಳ್ಳುವ ಸರಕಾರಿ ಯೋಜನೆ ಹರಿತ ಕೇರಳಂ ಮಿಷನ್ ಶುರುವಾಯಿತು. 2020ರ ಜನವರಿ 1ರಿಂದ ಕೇರಳದಲ್ಲಿ, 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ನಿಷೇಧ ಬಂತು. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ಅದಾದ ಮೇಲೆ ಕಾನೂನು ಇನ್ನೂ ಬಿಗಿಯಾಯಿತು.

ಈಗ ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವವರು ಹರಿತ ಕರ್ಮಸೇನೆಯವರು. ಹೆಚ್ಚಿನವರು ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರು. ಹಳ್ಳಿಯ ಮನೆಗೆ ತಿಂಗಳಿಗೆ ಸಾಮಾನ್ಯವಾಗಿ 50 ರೂಪಾಯಿ. ಅವರ ದುಡಿಮೆ ನಿಂತಿರುವುದೇ ಮುಖ್ಯವಾಗಿ ಈ ದುಡ್ಡಿನ ಮೇಲೆ. ಆನ್‌ಲೈನಿನಲ್ಲಿ ತರಿಸಿದ ಸೀರೆಯ ಮೂರು ಸುತ್ತು ಪ್ಲಾಸ್ಟಿಕ್ಕನ್ನು ಅವರ ಕೈಗೆ ಕೊಡುತ್ತಾ, ಇದಕ್ಕೂ 50 ರೂಪಾಯಿಯಾ ಅಂತ ಕೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಎಂಜಲು ಎತ್ತುವ ಕೆಲಸಕ್ಕೆ ಸಮವಸ್ತ್ರ ಬಂತು, ರಶೀದಿ ಬಂತು. ಎತ್ತುವವರು ಮಾತ್ರ ಹೆಂಗಸರೇ.

ಪ್ಲಾಸ್ಟಿಕ್ ಹೋದ ಜಾಗಕ್ಕೆ ಹಾಳೆ ತಟ್ಟೆ ಬಂತು. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಬೀಳಿಸುತ್ತದೆ. ಅದನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟಿಲ್ಲ, ರಾಸಾಯನಿಕ ಇಲ್ಲ, ಕೊಳೆಯುತ್ತದೆ. ಕೃಷಿಕರಿಗೂ ನಾಲ್ಕು ಕಾಸು. ಅಮೆರಿಕ, ಯುರೋಪಿಗೂ ಹೊರಟಿತು. ಹೀಗಿರುವಾಗ 2025ರ ಮೇಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಅಡ್ಡ ಬಂತು. ಅಡಿಕೆಯಲ್ಲಿ ಸಹಜವಾಗಿಯೇ ಇರುವ ಆಲ್ಕಲಾಯ್ಡ್ ಎಂಬ ಅಂಶಗಳು ತಟ್ಟೆಯಿಂದ ಊಟಕ್ಕೆ ಸೇರಬಹುದು, ಇದು ಬೇಡ ಎಂದಿತು. ನಮ್ಮ ಕಡೆ ಘಟಕ ಹಾಕಿಕೊಂಡವರಿಗೆ ಅದು ಸಣ್ಣ ಪೆಟ್ಟಲ್ಲ.

ಆ ತೀರ್ಮಾನ ಎಷ್ಟು ಸರಿ ಎಂಬ ವಾದ ಇರಲಿ. ನನ್ನ ತಕರಾರು ಬೇರೆ. ಮನೆಯಲ್ಲಿ ಹತ್ತು ಕೆಲಸಕ್ಕೆ ಬರುತ್ತಿದ್ದ ಹಾಳೆ ಈಗ ಅರ್ಧ ಗಂಟೆಯ ಊಟಕ್ಕೆ ಬಂದು ಹೋಗುತ್ತದೆ. ಪ್ಯಾಕೆಟ್ಟಿನಲ್ಲಿ ದುಡ್ಡು ಕೊಟ್ಟು ತರುತ್ತೇವೆ, ಎಸೆಯುವಾಗ ಪ್ರಕೃತಿಪ್ರಿಯರಾದೆವು ಅಂದುಕೊಳ್ಳುತ್ತೇವೆ. ಎಸೆಯುವ ಅಭ್ಯಾಸ ಹಾಗೇ ಉಳಿಯಿತು, ಎಸೆಯುವ ವಸ್ತು ಮಾತ್ರ ಬದಲಾಯಿತು ಅಲ್ವಾ? ಪ್ಲಾಸ್ಟಿಕ್ಕಿಗಿಂತ ಹಾಳೆ ಸಾವಿರ ಪಾಲು ಮೇಲು, ಅದರಲ್ಲಿ ಅನುಮಾನ ಇಲ್ಲ. ಆದರೆ ತೋಟದಿಂದ ಕಡಿದು ತಂದ ಬಾಳೆ ಎಲೆ ಇರುವ ಊರಿನಲ್ಲೂ ಅದು ಬೇಕಾ?

ಎಷ್ಟೋ ದೇವಸ್ಥಾನಗಳ ಅಗ್ರಶಾಲೆಯಲ್ಲಿ, ಅಂದರೆ ಊಟದ ಶಾಲೆಯಲ್ಲಿ, ಸ್ಟೀಲ್ ಬಟ್ಟಲು, ಲೋಟ ಇವೆ. ಬಾಡಿಗೆಗೂ ಸಿಗುತ್ತವೆ. ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ತೊಳೆಯಲು ಜನ ಇಲ್ಲ ಮಾರಾಯ್ರೆ. ಜನ ಇಲ್ಲ ಅಂದರೆ ಬಿಟ್ಟಿಗೆ ಜನ ಇಲ್ಲ ಎಂದು ಅರ್ಥ. ಐಸ್‌ಕ್ರೀಮಿಗೆ, ಹೂವಿನ ಕಮಾನಿಗೆ, ಡ್ರೋನಿನಲ್ಲಿ ಫೋಟೋ ತೆಗೆಯುವವರಿಗೆ ಪಟ್ಟಿಯಲ್ಲಿ ಜಾಗ ಇದೆ. ಅದೇ ಪಟ್ಟಿಯಲ್ಲಿ ಬಟ್ಟಲು ತೊಳೆಯುವ ನಾಲ್ಕು ಜನರ ಕೂಲಿಯನ್ನೂ ಬರೆದು, ಅವರನ್ನು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಲು ಎಷ್ಟು ಖರ್ಚಾಗುತ್ತದೆ ಎಂದು ಮುಂದಿನ ಸಲ ಅಡುಗೆಯವರ ಹತ್ತಿರ ಲೆಕ್ಕ ಹಾಕಿಸಿ ನೋಡಬಹುದು.