ಬೀರು ಹಿಂದಿನ ಗೋಡೆಗೆ ಪ್ರತಿ ಮಳೆಗಾಲ ಬೂಷ್ಟು: ಒರೆಸಿದರೂ ಯಾಕೆ ಮತ್ತೆ ಬರುತ್ತೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಮನೆ. ಬೀರು ಹಿಂದಿನ ಗೋಡೆಗೆ ಮಳೆಗಾಲದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತೆ. ಬ್ಲೀಚ್ ಹಾಕಿ ಒರೆಸಿ ಪೇಂಟ್ ಹೊಡೆಸಿದರೂ ಮರುವರ್ಷ ಅಲ್ಲೇ ಬರುತ್ತೆ. ಏನು ಮಾಡೋದು?

ಉತ್ತರ: ಬ್ಲೀಚ್‌ನಿಂದ ಹೋಗುವುದು ಮೇಲಿನ ಕಪ್ಪು ಮಾತ್ರ, ಗೋಡೆಯ ತೇವ ಹಾಗೇ ಉಳಿಯುತ್ತದೆ. ಆ ತೇವ ಎತ್ತ ಕಡೆಯಿಂದ ಬರುತ್ತಿದೆ ಎಂದು ಮೊದಲು ಪತ್ತೆ ಮಾಡಿ. ಬೀರು ಸರಿಸಿ, ಗೋಡೆ ಒರೆಸಿ ಒಣಗಲು ಬಿಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಮಳೆ ಬಿದ್ದ ವಾರದಲ್ಲೇ ಮಾಡಿ, ಬೇಸಿಗೆಯಲ್ಲಿ ಮಾಡಿದರೆ ಮಳೆನೀರಿನ ತೇವ ತಿಳಿಯದು.

ಹಾಳೆಯ ಗೋಡೆ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಬೇಸಿಗೆಯಲ್ಲೂ ತೇವವಿದ್ದರೆ ಪಕ್ಕದ ಬಾತ್‌ರೂಮಿನ ಪೈಪ್ ನೋಡಿಸಿ. ಮಳೆಗಾಲದಲ್ಲಷ್ಟೇ ಇದ್ದರೆ ಹೊರಗೋಡೆಯ ಬಿರುಕು, ಸಜ್ಜಾ ಗೋಡೆಗೆ ಸೇರುವ ಜಾಗ ನೋಡಿಸಿ, ರಿಪೇರಿಯನ್ನು ಹೊರಗಿನಿಂದಲೇ ಮಾಡಿಸಿ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿದರೆ ನೀರು ಹಿಂದೆ ನಿಂತು ಪುಟ್ಟಿ ಉಬ್ಬಿ ಉದುರುತ್ತದೆ. ದುಡ್ಡು ಹೆಚ್ಚು ಹಾಳಾಗುವುದು ಇಲ್ಲೇ.

ಹನಿ ರೂಮಿನ ಕಡೆ ಇದ್ದರೆ ಅದು ಮನೆಯ ಗಾಳಿಯ ತೇವ. ಹಾಳೆ ಎರಡೂ ಕಡೆ ಒಣಗಿದ್ದರೂ ಬೀರು ಹಿಂದೆ ಗಾಳಿಯಾಡದಿರುವುದೇ ಕಾರಣವಿರಬಹುದು. ತಣ್ಣಗಿನ ಹೊರಗೋಡೆಗೆ ಬೀರು ಒತ್ತಿ ನಿಲ್ಲಿಸಬೇಡಿ, ನಾಲ್ಕು ಇಂಚು ಜಾಗ ಬಿಡಿ. ಒಗೆದ ಬಟ್ಟೆಯನ್ನು ಆ ರೂಮಿನಲ್ಲಿ ಒಣಹಾಕಬೇಡಿ. ಸ್ನಾನವಾದ ಮೇಲೂ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್ ಓಡಲಿ. ಕಿಟಕಿಯನ್ನು ಬಿಸಿಲು ಬಂದ ಮಧ್ಯಾಹ್ನ ತೆಗೆಯಿರಿ. ಮಳೆ ಹಿಡಿದ ರಾತ್ರಿ ತೆಗೆದಿಟ್ಟರೆ ಹೊರಗಿನ ತೇವವೇ ಒಳಬರುತ್ತದೆ. ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಟ್ಟುಕೊಂಡರೆ ಊಹೆ ಮಾಡಬೇಕಿಲ್ಲ: ಆರ್ದ್ರತೆ ಶೇ. 60ಕ್ಕಿಂತ ಕೆಳಗಿರಬೇಕು.

ಇನ್ನು ಒರೆಸುವುದು. ಒಣ ಬ್ರಷ್‌ನಿಂದ ಉಜ್ಜಿದರೆ ಬೂಷ್ಟಿನ ಕಣಗಳು ಮನೆಯೆಲ್ಲ ಹರಡುತ್ತವೆ. ಎನ್95 ಮಾಸ್ಕ್, ಗ್ಲೌಸ್ ಹಾಕಿಕೊಂಡು ಮೊದಲು ಸೋಪಿನ ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಉಜ್ಜಿ. ಬ್ಲೀಚ್ ಟೈಲ್ಸ್‌ಗೆ ಸರಿ, ಲೀಟರ್ ನೀರಿಗೆ 60 ಮಿ.ಲೀ. ಸಾಕು. ಅದರ ಜೊತೆ ಟಾಯ್ಲೆಟ್ ಕ್ಲೀನರ್ ಅಥವಾ ಆ್ಯಸಿಡ್ ಯಾವತ್ತೂ ಬೆರೆಸಬೇಡಿ, ಉಸಿರು ಕಟ್ಟಿಸುವ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮೆತ್ತಗಾದ ಪುಟ್ಟಿಯನ್ನು ಪ್ಲಾಸ್ಟರ್ ಕಾಣುವವರೆಗೆ ಕೆರೆದು ತೆಗೆಸಿ. ಅದೇ ಹಾಳೆ ಮತ್ತೆ ಅಂಟಿಸಿ ನೋಡಿ. ಎರಡು ದಿನ ಕಳೆದರೂ ಒಣಗಿದ್ದರೆ ಮಾತ್ರ ಪೇಂಟರನ್ನು ಕರೆಯಿರಿ.