ಬೆಂಬಲ ಪತ್ರದ ದಿನಾಂಕ ನೋಡಿ

ಕೆನಡಾದ ವಿಶ್ವವಿದ್ಯಾಲಯವೊಂದರ ಸಂಶೋಧನಾ ನೈತಿಕತೆಯ ಮಂಡಳಿಗೆ ಬರುವ ಅರ್ಜಿಗಳನ್ನು ಓದುವುದು ನನ್ನ ಕೆಲಸ. ಮೂಲನಿವಾಸಿ ಸಮುದಾಯಗಳ ಕುರಿತ ಅರ್ಜಿಯಾದರೆ ಮೊದಲು ಕೊನೆಯ ಪುಟ ತೆರೆಯುತ್ತೇನೆ. ಸಮುದಾಯದ ಬೆಂಬಲ ಪತ್ರ ಅಲ್ಲಿರುತ್ತದೆ. ಅದರ ದಿನಾಂಕ ಬಹುತೇಕ ಅರ್ಜಿಯ ಗಡುವಿನ ಹಿಂದಿನ ವಾರದ್ದು. ಪ್ರಶ್ನೆ, ವಿಧಾನ, ಅನುದಾನ ಎಲ್ಲವೂ ಸಿದ್ಧವಾದ ಮೇಲೆ ಊರಿನವರಿಗೆ ಉಳಿದದ್ದು ಸಹಿ ಹಾಕುವ ಕೆಲಸ ಮಾತ್ರ. ಅರ್ಜಿಯ ಮೊದಲ ಪುಟದಲ್ಲಿ ಮಾತ್ರ ‘ಸಾಮರಸ್ಯ’ ಎಂಬ ಪದ ನಾಲ್ಕು ಕಡೆ ರಾರಾಜಿಸುತ್ತಿರುತ್ತದೆ!

ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬೇರ್ಪಡಿಸಿ ಇರಿಸುತ್ತಿದ್ದ ವಸತಿ ಶಾಲೆಗಳ ಅನ್ಯಾಯವನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಶಿಫಾರಸುಗಳನ್ನು ಮುಂದಿಟ್ಟ ಮೇಲೆ ಇಲ್ಲಿನ ವಿಶ್ವವಿದ್ಯಾಲಯಗಳು ಸುಮ್ಮನೆ ಕುಳಿತಿಲ್ಲ. ಆ ಶಾಲೆಗಳ ದಾಖಲೆಗಳನ್ನು ಕಾಯುವ ರಾಷ್ಟ್ರೀಯ ಕೇಂದ್ರ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿದೆ. ಸಭೆಗಳೆಲ್ಲ ‘ಇದು ಇಂಥ ಮೂಲನಿವಾಸಿಗಳ ನೆಲ’ ಎಂಬ ಮಾತಿನಿಂದ ಶುರುವಾಗುತ್ತವೆ. ಬೇಡ ಎನ್ನುವುದಿಲ್ಲ. ಆದರೆ ಸಂಶೋಧನೆಯ ವಿಷಯ ಬಂದಾಗ ಅಭ್ಯಾಸ ಹಳೆಯದೇ.

‘ಮೇಡಂ, ಪ್ರತಿಯೊಬ್ಬರೂ ಒಪ್ಪಿ ಸಹಿ ಹಾಕುತ್ತಾರಲ್ಲ, ಇನ್ನೇನು ಬೇಕು?’ ಎಂದು ಧಾರವಾಡದಿಂದ ಬಂದ ಹುಡುಗರೂ ಕೇಳುತ್ತಾರೆ, ಟೊರಾಂಟೊದಲ್ಲೇ ಹುಟ್ಟಿದವರೂ ಕೇಳುತ್ತಾರೆ. ಅವರಿಗೆ ನೂ-ಚಾ-ನುಲ್ತ್ ಜನರ ಕಥೆ ಹೇಳುತ್ತೇನೆ. 1980ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ವ್ಯಾಂಕೂವರ್ ದ್ವೀಪದ ಈ ಸಮುದಾಯದ 883 ಜನರ ರಕ್ತ ಪಡೆದರು. ಕಾರಣ ಸಂಧಿವಾತ, ಅದು ಆ ಜನರನ್ನು ನಿಜಕ್ಕೂ ಕಾಡುತ್ತಿದ್ದ ಕಾಯಿಲೆ, ಹಾಗಾಗಿ ಮನಸ್ಸಿನಿಂದಲೇ ಕೊಟ್ಟರು. ಸಂಧಿವಾತದ ಉತ್ತರ ಸಿಗಲಿಲ್ಲ. ಸಂಶೋಧಕರು ಅಮೆರಿಕದ ಯೂಟಾಗೆ, ಮುಂದೆ ಆಕ್ಸ್‌ಫರ್ಡ್‌ಗೆ ಹೋದರು, ರಕ್ತವೂ ಜೊತೆಗೆ ಹೋಯಿತು. ಕೊಟ್ಟವರನ್ನು ಕೇಳದೆಯೇ ಅದರಿಂದ ಅವರ ವಂಶಮೂಲದ ಅಧ್ಯಯನ ನಡೆಯಿತು. ರಕ್ತ ಮರಳಿದ್ದು 2004ರಲ್ಲಿ.

ಸಹಿ ಇತ್ತು, ಗಮನಿಸಿ. ಅವರು ಒಪ್ಪಿದ್ದು ಒಂದು ಪ್ರಶ್ನೆಗೆ. ಶೀಷೆಯಲ್ಲಿದ್ದ ರಕ್ತವನ್ನು ಯಾರಿಗೂ ಬರೆದುಕೊಟ್ಟಿರಲಿಲ್ಲ. ಸಂದರ್ಶನದ ಧ್ವನಿಮುದ್ರಣಕ್ಕೂ ಇದೇ ಮಾತು, ಅಜ್ಜಿ ಹೇಳಿದ ಔಷಧಿ ಗಿಡದ ವಿವರಕ್ಕೂ ಇದೇ ಮಾತು. ವಂಶಮೂಲದ ಪ್ರಶ್ನೆಯಂತೂ ಇಡೀ ಸಮುದಾಯವನ್ನು ತಟ್ಟುತ್ತದೆ. ಒಬ್ಬರ ಸಹಿಯಿಂದ ಅದು ಇತ್ಯರ್ಥವಾಗುವುದಿಲ್ಲ. ಮಾಹಿತಿಯ ಒಡೆತನ, ಹಿಡಿತ, ಅದನ್ನು ಪಡೆಯುವ ಹಕ್ಕು, ಸ್ವಾಧೀನ ಈ ನಾಲ್ಕೂ ತಮ್ಮವೇ ಎಂದು ಇಲ್ಲಿನ ಮೂಲನಿವಾಸಿಗಳ ಒಂದು ವರ್ಗವಾದ ಫಸ್ಟ್ ನೇಷನ್ಸ್ ಜನ 1998ರಲ್ಲೇ ಸೂತ್ರ ರೂಪಿಸಿಕೊಂಡಿದ್ದಾರೆ.

ನನ್ನ ತಾಳ್ಮೆ ಕೆಡಿಸುವ ನೆಪ ಇನ್ನೊಂದು: ‘ಅನುಮತಿ ಸಿಗುವ ಮೊದಲು ಊರಿಗೆ ಹೋಗಿ ಮಾತನಾಡುವಂತಿಲ್ಲವಲ್ಲ!’ ಇದು ತಪ್ಪು. ಯೋಜನೆ ರೂಪಿಸಲು, ಪರಿಚಯ ಮಾಡಿಕೊಳ್ಳಲು ನಡೆಸುವ ಆರಂಭಿಕ ಮಾತುಕತೆಗೆ ಮಂಡಳಿಯ ಅನುಮತಿ ಬೇಕಿಲ್ಲ ಎಂದು ರಾಷ್ಟ್ರೀಯ ನೀತಿಯೇ ಹೇಳುತ್ತದೆ. ಮಾಹಿತಿ ಸಂಗ್ರಹ ಮಾತ್ರ ಆಮೇಲೆ. ಗೆರೆ ಎಲ್ಲಿದೆ ಎಂಬ ಅನುಮಾನವಿದ್ದರೆ ನಿಮ್ಮ ಮಂಡಳಿಯನ್ನೇ ಕೇಳಿ. ಕೆಲವು ಸಮುದಾಯಗಳಿಗೆ ತಮ್ಮದೇ ನಿಯಮಗಳೂ ಇವೆ.

ವಿಶ್ವವಿದ್ಯಾಲಯಗಳು ಇಲ್ಲಿ ಮಾಡಬೇಕಾದದ್ದು ಬಹಳ ಸಪ್ಪೆ ಕೆಲಸ. ಪ್ರಶ್ನೆ ಹುಟ್ಟುವ ಮೊದಲಿನ ಪ್ರಯಾಣಕ್ಕೆ ಹಣ ಕೊಡಿ. ವಿದ್ಯಾರ್ಥಿಗೆ ಒಂದು ವರ್ಷ ಹೆಚ್ಚು ಕೊಡಿ. ಸಲಹೆ ಕೊಡಲು ಬಂದ ಹಿರಿಯರ ಗೌರವಧನಕ್ಕೆ ಮೂರು ನಮೂನೆ ತುಂಬಿಸಿ ತಿಂಗಳುಗಟ್ಟಲೆ ಕಾಯಿಸಬೇಡಿ. ಹಣಕಾಸು ವಿಭಾಗದವರನ್ನೂ ಒಮ್ಮೆ ಆ ಊರಿಗೆ ಕರೆದೊಯ್ಯಿರಿ.