ವಾಕ್ಯದ ಕೊನೆಯಲ್ಲಿ ಇಳಿಯುವ ದನಿ: ಪಾರ್ಕಿನ್ಸನ್ ಮತ್ತು ಮಾತು

ಪಾರ್ಕಿನ್ಸನ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ನಡುಗುವ ಕೈ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದ ಪ್ರಬಂಧದ ಹೆಸರಲ್ಲೇ ನಡುಕ ಇದೆ. ಆದರೆ ಕಾಯಿಲೆ ಮುಂದುವರಿದಂತೆ ಹೆಚ್ಚಿನವರಿಗೆ ದನಿ ಮತ್ತು ಮಾತಿನಲ್ಲೂ ತೊಂದರೆ ಕಾಣಿಸಿಕೊಳ್ಳುತ್ತದೆ. ಕಾಸರಗೋಡಿನ ಮನೆಗಳಲ್ಲಿ ಆರೈಕೆ ಮಾಡಲು ಕಲಿಯುತ್ತಿರುವ ನಾವು ಇದನ್ನು ಚೆನ್ನಾಗಿ ತಿಳಿದಿರಬೇಕು. ಇಲ್ಲಿ ಒಬ್ಬರೇ ಅಜ್ಜ ದಿನಕ್ಕೆ ಮೂರು ಭಾಷೆಯಲ್ಲಿ ಮಾತಾಡುತ್ತಾರೆ.

ಮೊದಲು ಕಾರಣ ನೋಡೋಣ. ಮೆದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಸಣ್ಣ ಭಾಗವಿದೆ. ಅಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಡೋಪಮೈನ್ ಕಡಿಮೆಯಾದರೆ ಚಲನೆಗಳು ನಿಧಾನವಾಗುತ್ತವೆ, ಸಣ್ಣದಾಗುತ್ತವೆ. ಹೆಜ್ಜೆ ಸಣ್ಣದು, ಕೈಬರಹ ಸಣ್ಣದು, ಮಾತೂ ಸಣ್ಣದು. ಎದೆಯ ಸ್ನಾಯು ಬಿಗಿಯಾಗಿ ಉಸಿರು ಸಾಲುವುದಿಲ್ಲ. ಗಂಟಲಿನ ಧ್ವನಿತಂತುಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಗಾಳಿ ಸೋರುತ್ತದೆ. ನಾಲಗೆ, ತುಟಿ ತಲುಪಬೇಕಾದ ಜಾಗಕ್ಕೆ ತಲುಪುವ ಮೊದಲೇ ಹಿಂದೆ ಬರುತ್ತವೆ. ಹಾಗಾಗಿ ದನಿ ತಗ್ಗುತ್ತದೆ, ಗೊಗ್ಗರಾಗುತ್ತದೆ, ಏರಿಳಿತವಿಲ್ಲದೆ ಒಂದೇ ಮಟ್ಟದಲ್ಲಿ ಹೋಗುತ್ತದೆ. ಕೆಲವರು ನಡುವೆ ದಡಬಡ ಅಂತ ಓಡಿಸಿಬಿಡುತ್ತಾರೆ. ಇದಕ್ಕೆ ಹೈಪೋಕೈನೆಟಿಕ್ ಡಿಸಾರ್ಥ್ರಿಯಾ ಎಂಬ ಹೆಸರಿದೆ. ಮೇಯೋ ಕ್ಲಿನಿಕ್‌ನ ಡಾರ್ಲಿ, ಆರನ್ಸನ್, ಬ್ರೌನ್ ಎಂಬ ಮೂವರು 1969ರಲ್ಲಿ ಮಾಡಿದ ಮಾತಿನ ತೊಂದರೆಗಳ ವಿಂಗಡಣೆಯಲ್ಲಿ ಇದು ಒಂದು ಬಗೆ.

ಇನ್ನು ನನಗೆ ಬಹಳ ಮುಖ್ಯ ಅನ್ನಿಸಿದ ವಿಷಯ. ಈ ದನಿ ವಾಕ್ಯದ ಉದ್ದಕ್ಕೂ ಒಂದೇ ಸಮ ತಗ್ಗಿರುವುದಿಲ್ಲ. ಶುರುವಿನಲ್ಲಿ ಸ್ವಲ್ಪ ಕೇಳುತ್ತದೆ, ಉಸಿರು ಮುಗಿಯುತ್ತಾ ಬಂದಂತೆ ಕೊನೆಯಲ್ಲಿ ಕರಗುತ್ತದೆ. ನಮ್ಮ ಭಾಷೆಯಲ್ಲಿ ತೀರ್ಮಾನ ಇರುವುದೇ ಕೊನೆಯಲ್ಲಿ, ಅಲ್ವಾ? 'ನನಗೆ ಈಗ ಚಾ ಬೇಕು', 'ನನಗೆ ಈಗ ಚಾ ಬೇಡ' ಎರಡರಲ್ಲೂ ಮೊದಲ ಮೂರು ಮಾತು ಒಂದೇ. 'ಮಧ್ಯಾಹ್ನದ ಮಾತ್ರೆ ತೆಗೊಂಡಿದ್ದೇನೆ', 'ಮಧ್ಯಾಹ್ನದ ಮಾತ್ರೆ ತೆಗೊಂಡಿಲ್ಲ' ಎಂಬಲ್ಲೂ ಹಾಗೆಯೇ. ಕೊನೆ ಕೇಳಿಸದೆ ಮನೆಯವರು ಊಹಿಸಿದರೆ, ಡೋಪಮೈನ್ ಕೊರತೆ ತುಂಬಲು ಕೊಡುವ ಲೆವೊಡೋಪಾ ಮಾತ್ರೆ ಒಂದು ಹೊತ್ತು ತಪ್ಪಬಹುದು, ಇಲ್ಲವೇ ಎರಡು ಸಲ ಆಗಬಹುದು. ಭಾಷೆ ಬದಲಿಸಿದರೂ ಇದು ತಪ್ಪುವುದಿಲ್ಲ. ತುಳುವಿನ 'ಬೋಡು' (ಬೇಕು), 'ಬೊಡ್ಚಿ' (ಬೇಡ) ಕೂಡ ಕೊನೆಗೇ ಬರುತ್ತವೆ. ಮಲಯಾಳಂನಲ್ಲಿ 'ಮರುನ್ನುಂಡೋ' ಎಂದು ಕೇಳಿದ್ದರಲ್ಲಿ ಕೊನೆಯ 'ಓ' ಕೇಳದಿದ್ದರೆ, ಔಷಧ ಇದೆಯಾ ಎಂಬ ಪ್ರಶ್ನೆ ಔಷಧ ಇದೆ ಎಂಬ ಉತ್ತರವಾಗಿಬಿಡುತ್ತದೆ.

ಅದಕ್ಕೇ ನಾನು ಮನೆಯವರಿಗೆ ಮೊದಲು ಹೇಳಬೇಕು ಅಂದುಕೊಂಡಿರುವುದು ಇದನ್ನು: ತೀರ್ಮಾನವನ್ನು ವಾಕ್ಯದ ಮೊದಲಿಗೆ ತರಿಸಿ. 'ಬೇಡ, ಚಾ ಬೇಡ.' 'ಇಲ್ಲ, ಮಾತ್ರೆ ತೆಗೊಂಡಿಲ್ಲ.' ಆಡುಮಾತಿನಲ್ಲಿ ನಾವು ಹೀಗೆ ಹೇಳುವುದು ಉಂಟು, ಕೃತಕ ಅನ್ನಿಸುವುದಿಲ್ಲ. ಕಾಯಿಲೆಯವರು ಉದ್ದ ವಾಕ್ಯವನ್ನು ಒಡೆದು, ಪ್ರತಿ ತುಂಡಿಗೂ ಹೊಸ ಉಸಿರು ತೆಗೆದುಕೊಳ್ಳಲಿ. ಕೇಳುವವರು 'ಆಂ? ಏನು?' ಅಂತ ಇಡೀ ಮಾತನ್ನು ಮತ್ತೆ ಹೇಳಿಸಬಾರದು. ತಮಗೆ ಕೇಳಿಸಿದಷ್ಟು ಹೇಳಿ, 'ಮಾತ್ರೆ ವಿಷಯ ಗೊತ್ತಾಯ್ತು ಅಪ್ಪಾ, ತೆಗೊಂಡ್ರಾ ಇಲ್ವಾ?' ಅಂತ ಉಳಿದದ್ದನ್ನು ಮಾತ್ರ ಕೇಳಬೇಕು. ದಣಿದಿರುವ ಮನುಷ್ಯನಿಗೆ ಇದರಿಂದ ಎಷ್ಟೋ ಶ್ರಮ ಉಳಿಯುತ್ತದೆ.

ಮನೆಯಲ್ಲಿ ಜಗಳ ಹುಟ್ಟುವುದು ಇನ್ನೊಂದು ಕಾರಣಕ್ಕೆ. 'ಸ್ವಲ್ಪ ಜೋರಾಗಿ ಹೇಳಿ' ಅಂದರೆ 'ನಾನು ಜೋರಾಗಿಯೇ ಹೇಳ್ತಿದ್ದೇನೆ, ನಿನಗೇ ಕಿವಿ ಕೇಳೋದಿಲ್ಲ' ಎಂಬ ಉತ್ತರ ಬರುತ್ತದೆ. ಇದು ಹಟವಲ್ಲ. ತನ್ನ ದನಿ ಎಷ್ಟಿದೆ ಎಂದು ಒಳಗಿನಿಂದ ಅಳೆಯುವ ಲೆಕ್ಕವೇ ಕಾಯಿಲೆಯಿಂದ ತಪ್ಪಿರುತ್ತದೆ. ಅವರಿಗೆ ಸಾಕಷ್ಟು ಅನ್ನಿಸುವುದು ನಮಗೆ ಪಿಸುಮಾತು. ನಮಗೆ ಸರಿ ಅನ್ನಿಸುವಷ್ಟು ಮಾತಾಡಿದರೆ ಅವರಿಗೆ ಕಿರುಚಿದಂತೆ ಅನ್ನಿಸಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರೆ ಎಷ್ಟೋ ಜನ ಒಪ್ಪುತ್ತಾರೆ. ಕೇಳಿಸುವಾಗ ಗೆದ್ದ ಧಾಟಿ ಬೇಡ, ಜೊತೆಯಲ್ಲಿ ಕೂತು ಕೇಳಿ. ಹೆಂಡತಿಗೋ ಗಂಡನಿಗೋ ವಯಸ್ಸಾಗಿದ್ದರೆ ಅವರ ಕಿವಿಯನ್ನೂ ಪರೀಕ್ಷೆ ಮಾಡಿಸಿ, ಎರಡೂ ಕಡೆ ತೊಂದರೆ ಇರಬಹುದು. ಸ್ನಾಯು ಬಿಗಿಯಾಗಿ ಮುಖದಲ್ಲಿ ಭಾವ ಕಾಣದಿದ್ದರೆ ಅದನ್ನು ಸಿಟ್ಟು, ಬೇಸರ ಅಂತ ಓದಬೇಡಿ.

ಚಿಕಿತ್ಸೆಯೂ ಈ ತಪ್ಪಿದ ಅಳತೆಯನ್ನೇ ಹಿಡಿದು ಹೊರಡುತ್ತದೆ. ಎಲ್‌ಎಸ್‌ವಿಟಿ ಲೌಡ್ ಎಂಬ ಕ್ರಮ 1980ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ತಾಸು, ನಾಲ್ಕು ವಾರ. ಹತ್ತು ನಿಯಮ ನೆನಪಿಡುವ ಗೋಜಿಲ್ಲ, 'ಜೋರಾಗಿ' ಎಂಬ ಒಂದೇ ಗುರಿ. ದನಿ ಜೋರಾದರೆ ಬಾಯಿ ಹೆಚ್ಚು ತೆರೆಯುತ್ತದೆ, ಅಕ್ಷರವೂ ಸ್ಪಷ್ಟವಾಗುತ್ತದೆ. ಬ್ರಿಟನ್ನಿನಲ್ಲಿ 388 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಾಮಾನ್ಯ ಮಾತಿನ ಚಿಕಿತ್ಸೆಗಿಂತ ಈ ಕ್ರಮವೇ ಹೆಚ್ಚು ಉಪಯೋಗವಾಗಿದೆ. ಆದರೆ ತರಬೇತಿ ಪಡೆದವರಿಂದಲೇ ಕಲಿಯಬೇಕು. ಸುಮ್ನೆ ಕಿರುಚಿದರೆ ಗಂಟಲಿಗೆ ಪೆಟ್ಟು.

ಈ ಕ್ರಮದಲ್ಲಿ ಉದ್ದಕ್ಕೆ 'ಆ' ಎನ್ನುವ ಅಭ್ಯಾಸದ ಜೊತೆಗೆ, ಆ ವ್ಯಕ್ತಿ ದಿನಾ ಆಡುವ ಹತ್ತು ಮಾತುಗಳನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ಆ ಹತ್ತು ಮಾತು ಯಾವ ಭಾಷೆಯಲ್ಲಿ ಇರಬೇಕು? ಬದಿಯಡ್ಕ ಕಡೆಯ ಅಡಕೆ ಕೃಷಿಕರೊಬ್ಬರು ತೋಟದ ಕೆಲಸದವರಿಗೆ ತುಳುವಿನಲ್ಲಿ 'ಎಲ್ಲೆ ಬಲೆ' (ನಾಳೆ ಬನ್ನಿ) ಅನ್ನುತ್ತಾರೆ, ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳಂ. ಪಟ್ಟಿಯಲ್ಲಿ ಮೂರೂ ಇರಲಿ. ಮೊದಲು ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರಾದರೆ ಅವರಿಗೆ ಇಷ್ಟದ ಒಂದೆರಡು ಮಾತನ್ನೂ ಸೇರಿಸಿ. ತಾನು ಯಾರು ಎಂಬ ನೆನಪು ಆ ದನಿಯಲ್ಲಿದೆ, ಅದನ್ನು ಬಿಟ್ಟುಕೊಡಬಾರದು.

ಔಷಧದ ಬಗ್ಗೆ ಒಂದೇ ಮಾತು. ಲೆವೊಡೋಪಾದಿಂದ ಕೈಕಾಲು ಸುಧಾರಿಸಿದಷ್ಟು ಮಾತು ಸುಧಾರಿಸುವುದಿಲ್ಲ. ಮೆದುಳಿನ ಆಳಕ್ಕೆ ವಿದ್ಯುತ್ ತಂತಿ ಇಡುವ ಶಸ್ತ್ರಚಿಕಿತ್ಸೆಯಿಂದ ಕೆಲವರ ಮಾತು ಇನ್ನೂ ಹದಗೆಡುವುದೂ ಉಂಟು. ಆದರೂ ಫೋನ್ ಕರೆ, ಬ್ಯಾಂಕಿನ ಕೆಲಸವನ್ನು ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಮಾತು ಕೆಟ್ಟಲ್ಲಿ ನುಂಗುವುದನ್ನೂ ಗಮನಿಸಿ. ಕುಡಿಯುವಾಗ ಕೆಮ್ಮು, ಊಟದ ಮೇಲೆ ದನಿ ನೀರಾಡಿದಂತೆ ಆಗುವುದು ಕಂಡರೆ ಡಾಕ್ಟರಿಗೆ ತಡಮಾಡದೆ ಹೇಳಿ. ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ತಿಳಿಯೂ ಅಗುಳೂ ಒಟ್ಟಿಗೆ ಬಾಯಿಗೆ ಬರುತ್ತವೆ. ನುಂಗಲು ಕಷ್ಟ ಇರುವವರಿಗೆ ಅಂಥದ್ದೇ ಜಾಸ್ತಿ ತೊಂದರೆ. ಹೇಗೆ ಕೊಡಬೇಕು ಅಂತ ಮಾತಿನ ಚಿಕಿತ್ಸಕರನ್ನೇ ಕೇಳಿ.

ದನಿ ತೀರಾ ಇಳಿದವರಿಗೆ ಸ್ಲೇಟು ಕೊಟ್ಟರೆ ಸಾಕು ಅನ್ನಿಸಬಹುದು. ಆದರೆ ಬರಹವೂ ಸಣ್ಣದಾಗಿರುತ್ತದೆ. ಬೆರಳಿಟ್ಟು ತೋರಿಸುವ ಚಿತ್ರದ ಹಲಗೆ ಉತ್ತಮ: ನೀರು, ನೋವು, ಮಾತ್ರೆ, ಶೌಚ, ಬೇಕು, ಬೇಡ. ಅಜ್ಜ ಓದುವುದು ಕನ್ನಡ, ಪಂಚಾಯತಿನಿಂದ ಪಾಲಿಯೇಟಿವ್ (ನೋವು, ಸಂಕಟ ಕಡಿಮೆ ಮಾಡುವ) ಆರೈಕೆಗೆ ಬರುವ ನರ್ಸ್‌ಗೆ ಓದಲು ಬರುವುದು ಬಹುಶಃ ಮಲಯಾಳಂ ಮಾತ್ರ. ಹಾಗಾಗಿ ಪ್ರತಿ ಚಿತ್ರದ ಕೆಳಗೆ ಎರಡೂ ಲಿಪಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. 'ಬೇಡ' ಎಂಬ ಚೌಕ ಎಲ್ಲಕ್ಕಿಂತ ದೊಡ್ಡದಾಗಿ, ಕೈಗೆ ಹತ್ತಿರದಲ್ಲಿ ಇರಲಿ.